ಪ್ರತಿಕಾಯ ಔಷಧಗಳ ಗಂಟು ಗುರುತಿಸಲು ಕ್ಯೂ ಎಕ್ಸಾಕ್ಟಿವ್ ಯುಎಚ್‌ಎಂಆರ್: ಒಂದು ವಿಮರ್ಶೆ

ಪ್ರತಿಕಾಯ ಔಷಧ ವಯಲ್‌ನೊಳಗೆ ಗಂಟುಕಟ್ಟಿದೆಯೇ, ಅಂದರೆ ಅದರ ಅಣುಗಳು ಒಂದಕ್ಕೊಂದು ಅಂಟಿಕೊಂಡಿವೆಯೇ ಎಂಬ ಪ್ರಶ್ನೆಗೆ, ಅಣುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಸೈಜ್ ಎಕ್ಸ್‌ಕ್ಲೂಷನ್ ಕ್ರೊಮ್ಯಾಟೊಗ್ರಫಿ ದಶಕಗಳಿಂದ ಉತ್ತರ ಕೊಡುತ್ತ ಬಂದಿದೆ. ಆದರೆ ಅದರ ಗ್ರಾಫ್‌ನಲ್ಲಿ ಮುಖ್ಯ ಶಿಖರಕ್ಕಿಂತ ಮೊದಲೇ ಕಾಣಿಸಿಕೊಳ್ಳುವ ಸಣ್ಣ ಉಬ್ಬು ಎರಡು ಪೂರ್ಣ ಪ್ರತಿಕಾಯಗಳು ಸೇರಿ ಆದದ್ದೋ, ಪೂರ್ಣ ಪ್ರತಿಕಾಯಕ್ಕೆ ತುಂಡೊಂದು ಅಂಟಿಕೊಂಡು ಆದದ್ದೋ ಎಂಬುದನ್ನು ಅದು ಹೇಳಲಾರದು. ಥರ್ಮೊ ಫಿಶರ್ ಸಂಸ್ಥೆ 2018ರಲ್ಲಿ ಹೊರತಂದ ಕ್ಯೂ ಎಕ್ಸಾಕ್ಟಿವ್ ಯುಎಚ್‌ಎಂಆರ್ ಎಂಬ, ಅಣುಗಳ ತೂಕ ಅಳೆಯುವ ಈ ಮಾಸ್ ಸ್ಪೆಕ್ಟ್ರೋಮೀಟರ್‌ನ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿ.

ಸಾಮಾನ್ಯ ವಿಧಾನದಲ್ಲಿ ಬಳಸುವ ಆಮ್ಲ ಮತ್ತು ಅಸಿಟೋನೈಟ್ರೈಲ್ ಪ್ರೋಟೀನಿನ ಮಡಿಕೆಯನ್ನು ಬಿಚ್ಚುವುದರಿಂದ, ದುರ್ಬಲ ಬಂಧಗಳಿಂದ ಕೂಡಿದ ಗಂಟುಗಳು ಅಳೆಯುವ ಮೊದಲೇ ಕರಗಿಹೋಗುತ್ತವೆ. ನೇಟಿವ್ ವಿಧಾನದಲ್ಲಿ ಅಮೋನಿಯಂ ಅಸಿಟೇಟ್ ಬಳಸಿದಾಗ ಮಡಿಕೆ ಉಳಿಯುತ್ತದೆ, ಅಣು ಹೊರುವ ವಿದ್ಯುದಂಶ ಕಡಿಮೆಯಾಗುತ್ತದೆ, ಶಿಖರಗಳು ಎತ್ತರದ ಎಂ/ಝಡ್ (ತೂಕವನ್ನು ವಿದ್ಯುದಂಶದಿಂದ ಭಾಗಿಸಿದ ಸಂಖ್ಯೆ) ಮೌಲ್ಯಗಳಿಗೆ ಸರಿಯುತ್ತವೆ. ಸುಮಾರು 148 ಕಿಲೋಡಾಲ್ಟನ್ ತೂಗುವ, ಸ್ತನ ಕ್ಯಾನ್ಸರ್‌ಗೆ ಬಳಸುವ ಪ್ರತಿಕಾಯ ಟ್ರಾಸ್ಟುಜುಮ್ಯಾಬ್‌ನ ಒಂಟಿ ಅಣು 5,000ದಿಂದ 7,000ದ ನಡುವೆ ಕಂಡರೆ, ಅದರ ಜೋಡಿ 8,000ದ ಆಚೆ ಪ್ರತ್ಯೇಕ ಸಾಲಾಗಿ ನಿಲ್ಲುತ್ತದೆ. 80,000ದವರೆಗೆ ಅಳೆಯುವ ಈ ಉಪಕರಣಕ್ಕೆ ಅದು ಕಷ್ಟದ ಕೆಲಸವೇನಲ್ಲ. ಒಂಟಿ ಅಣುವಿನ 26 ವಿದ್ಯುದಂಶದ ಗುಂಪನ್ನು ಹಿಗ್ಗಿಸಿ ನೋಡಿದರೆ, ಪ್ರತಿಕಾಯಕ್ಕೆ ಅಂಟಿರುವ ಸಕ್ಕರೆ ಸರಪಳಿಯಲ್ಲಿ ಒಂದೊಂದು ಗ್ಯಾಲಕ್ಟೋಸ್ ಹೆಚ್ಚಿದಂತೆ ಸುಮಾರು ಆರು ಎಂ/ಝಡ್ ಅಂತರದಲ್ಲಿ ಶಿಖರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆ ಸ್ಪಷ್ಟತೆ ನನಗೆ ಇಂದಿಗೂ ಸಂತೋಷ ಕೊಡುತ್ತದೆ.

ಇನ್-ಸೋರ್ಸ್ ಟ್ರ್ಯಾಪಿಂಗ್ ಇದರ ಅತ್ಯಂತ ಉಪಯುಕ್ತ ಸೌಲಭ್ಯ. ಅಂಟಿಕೊಂಡ ನೀರು ಮತ್ತು ಲವಣಗಳನ್ನು ಕಳಚಲು ಇರುವ ಈ ವೋಲ್ಟೇಜನ್ನು ಹಂತಹಂತವಾಗಿ ಏರಿಸಿದಾಗ, ದುರ್ಬಲವಾಗಿ ಸೇರಿದ ಜೋಡಿ ಬೇರ್ಪಡುತ್ತದೆ, ಡೈಸಲ್ಫೈಡ್‌ನಂಥ ಗಟ್ಟಿ ಬಂಧವಿದ್ದರೆ ಉಳಿದುಕೊಳ್ಳುತ್ತದೆ. ಆದರೂ ಬೇರ್ಪಡದ ಮಾತ್ರಕ್ಕೆ ಬಂಧ ಕೋವೆಲೆಂಟ್ (ಎಲೆಕ್ಟ್ರಾನ್ ಹಂಚಿಕೆಯ ಗಟ್ಟಿ ಬಂಧ) ಎಂದು ತೀರ್ಮಾನಿಸಬಾರದು; ಮಾರ್ಜಕದಿಂದ ಮಡಿಕೆ ಬಿಚ್ಚಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಸಿಇ-ಎಸ್‌ಡಿಎಸ್ ಪರೀಕ್ಷೆಯನ್ನೂ ಜೊತೆಗೆ ನಡೆಸಬೇಕು.

ಮಿತಿಗಳನ್ನು ಅಷ್ಟೇ ಗಂಭೀರವಾಗಿ ಹೇಳಬೇಕಾಗಿದೆ. ಮಾದರಿ ದಟ್ಟವಾಗಿದ್ದರೆ ಮಾದರಿಯನ್ನು ಉಪಕರಣಕ್ಕೆ ಸಿಂಪಡಿಸುವ ಸ್ಪ್ರೇಯ ಒಂದೇ ಹನಿಯಲ್ಲಿ ಸಿಕ್ಕಿಕೊಂಡ ಎರಡು ಅಣುಗಳು ಒಣಗುವಾಗ ಅಂಟಿಕೊಂಡು, ಔಷಧದಲ್ಲಿ ಇಲ್ಲದ ಜೋಡಿಯನ್ನು ತೋರಿಸುತ್ತವೆ. ಔಷಧದಲ್ಲಿ ಬೆರೆಸಿರುವ ಹಿಸ್ಟಿಡಿನ್, ಸಕ್ಕರೆ, ಪಾಲಿಸಾರ್ಬೇಟ್‌ಗಳನ್ನು ತೆಗೆದು ಬಫರ್ ಬದಲಿಸುವ ಹೊತ್ತಿಗೆ ನಿಜವಾದ ಗಂಟುಗಳೇ ಬಿಚ್ಚಿಕೊಳ್ಳಲೂಬಹುದು. ದೊಡ್ಡ ಗಂಟುಗಳು ಒಂಟಿ ಅಣುಗಳಷ್ಟು ಸುಲಭವಾಗಿ ಅಯಾನೀಕರಣ ಹೊಂದದ ಕಾರಣ, ಶಿಖರದ ಎತ್ತರ ನೋಡಿ ಶೇಕಡಾವಾರು ಬರೆಯುವುದು ತಪ್ಪು. ಇನ್ನು, ಅಮೆರಿಕದ ಔಷಧಕೋಶ ಎಣಿಸಿ ಮಿತಿಗೊಳಪಡಿಸುವ 10 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು ಈ ಉಪಕರಣದ ಕಣ್ಣಿಗೆ ಬೀಳುವುದೇ ಇಲ್ಲ. ರೋಗಿಯ ದೇಹ ಔಷಧದ ವಿರುದ್ಧವೇ ಪ್ರತಿಕಾಯ ತಯಾರಿಸಲು ಗಂಟುಗಳು ಪ್ರಚೋದನೆ ಕೊಡಬಲ್ಲವು ಎಂಬುದನ್ನು ನೆನೆದರೆ, ಈ ಕುರುಡುತಾಣಗಳನ್ನು ಮರೆಯುವಂತಿಲ್ಲ.

ಆದ್ದರಿಂದ ಪ್ರತಿ ಬ್ಯಾಚಿನ ಬಿಡುಗಡೆ ಪರೀಕ್ಷೆಗಷ್ಟೇ ಇದನ್ನು ಕೊಳ್ಳುವುದು ಹಣದ ಸದ್ವಿನಿಯೋಗ ಎಂದು ನಾನು ಹೇಳಲಾರೆ. ಬಯೋಸಿಮಿಲರ್ (ಮೂಲ ಜೈವಿಕ ಔಷಧವನ್ನು ಹೋಲುವಂತೆ ರೂಪಿಸಿದ ಔಷಧ) ಮತ್ತು ಮೂಲ ಔಷಧವನ್ನು ಹೋಲಿಸುವವರಿಗೆ, ಶಾಖ, ಕಲಕುವಿಕೆ ಅಥವಾ ಕಡಿಮೆ ಪಿಎಚ್‌ಗೆ ಒಡ್ಡಿದ ಮಾದರಿಯಲ್ಲಿ ಏನಾಯಿತೆಂದು ಹುಡುಕುವವರಿಗೆ ಮಾತ್ರ ದೃಢವಾಗಿ ಶಿಫಾರಸು ಮಾಡುತ್ತೇನೆ. ಬೆಂಗಳೂರಿನ ಬಯೋಕಾನ್ ಮೈಲಾನ್ ಜೊತೆ ಸೇರಿ ರೂಪಿಸಿದ ಟ್ರಾಸ್ಟುಜುಮ್ಯಾಬ್‌ಗೆ 2017ರಲ್ಲಿ ಅಮೆರಿಕದ ಅನುಮತಿ ದೊರೆತ ಮೇಲೆ, ಇಂಥ ಹೋಲಿಕೆ ನಮ್ಮವರಿಗೂ ದೂರದ ವಿಷಯವಾಗಿ ಉಳಿದಿಲ್ಲ. ಕೊಳ್ಳುವ ಮೊದಲು ಪ್ರದರ್ಶನಕ್ಕೆ ನಿಮ್ಮದೇ ಮಾದರಿಯನ್ನು ಕೊಟ್ಟು, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಕಾಲಮ್ ಮತ್ತು ಪ್ರಮಾಣ ಅಳೆಯುವ ಯುವಿ ಡಿಟೆಕ್ಟರ್ ಜೋಡಿಸಿ, ಬೇರೆಬೇರೆ ಸಾಂದ್ರತೆಗಳಲ್ಲಿ ಓಡಿಸಿ ತೋರಿಸುವಂತೆ ಕೇಳಿ.