ಸಕಲೇಶಪುರದ ಕೆಸರಿಗೆ ಕಟ್ಟಿದ ಜೀಪನ್ನು ಸ್ಪಿತಿಯ ಹಿಮಕ್ಕೆ ಒಯ್ಯಬೇಡಿ

ಜನವರಿಯಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗಬೇಕೆಂದು ಜೀಪು ಕಟ್ಟಿಸುತ್ತಿರುವವರು ಗ್ಯಾರೇಜಿಗೆ ಮುಂಗಡ ಕೊಡುವ ಮುಂಚೆ ಇದನ್ನೊಮ್ಮೆ ಓದಿ. ಬೆಂಗಳೂರಿನಲ್ಲಿ ಆರೂವರೆ ಲಕ್ಷ ಸುರಿದು ಸಜ್ಜು ಮಾಡಿದ ಹಳೇ ಡೀಸೆಲ್ ಜೀಪೊಂದು ಅಲ್ಲಿನ ಮುಖ್ಯ ಊರಾದ ಕಾಜಾ ತಲುಪಿದ ಮೊದಲ ಬೆಳಿಗ್ಗೆಯೇ ಸ್ಟಾರ್ಟ್ ಆಗಲಿಲ್ಲ. ಎರಡನೆಯ ದಿನ ಎರಡಡಿ ಹಿಮದಲ್ಲಿ ಹೊಟ್ಟೆ ಮೇಲೆ ಕೂತಿತು. ಮೂರನೆಯ ದಿನ ಎಂಜಿನ್ ಆಯಿಲನ್ನೆಲ್ಲ ರಸ್ತೆಗೆ ಕಕ್ಕಿತು. ಕೊನೆಗೆ ಲಾರಿ ಏರಿ ಘಟ್ಟದ ಕೆಳಗಿನ ರಾಮ್‌ಪುರಕ್ಕೆ ಇಳಿಯಿತು. ಕಟ್ಟಿದ ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಕೆಸರಿನ ಗಾಡಿ ಕಟ್ಟುವುದರಲ್ಲಿ ಅವರ ಕೈ ಚೆನ್ನಾಗಿಯೇ ಇದೆ. ಎಡವಟ್ಟಾದದ್ದೂ ಅಲ್ಲೇ: ಮಲೆನಾಡಿನ ಮಳೆಗಾಲಕ್ಕೆ ಏನೇನು ಬೇಕೋ ಅದನ್ನೇ ಇನ್ನೂ ಭರ್ಜರಿಯಾಗಿ ಮಾಡಿಕೊಟ್ಟರು. ಗಾಡಿ ಬಿಚ್ಚಿದ ಮೇಲೆ ಕಂಡದ್ದು ಇದು.

ಮೊದಲು ಡೀಸೆಲ್. ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ಗೊತ್ತಲ್ಲ, ಡೀಸೆಲ್ಲಿನ ಒಳಗಿರುವ ಮೇಣದ ಕತೆಯೂ ಅದೇ. ಚಳಿ ಏರಿದಂತೆ ಮೊದಲು ಡೀಸೆಲ್ ಮಬ್ಬಾಗುತ್ತದೆ, ಆಮೇಲೆ ಮೇಣದ ಹರಳುಗಳು ಫಿಲ್ಟರ್ ಕಾಗದದ ಮೇಲೆ ಕೂತು ದಾರಿ ಮುಚ್ಚುತ್ತವೆ, ಹರಿಯುವುದೇ ನಿಲ್ಲುವುದು ಅದಕ್ಕೂ ಕೆಳಗಿನ ಉಷ್ಣಾಂಶದಲ್ಲಿ. ಅಂದರೆ ಟ್ಯಾಂಕಿನೊಳಗೆ ಡೀಸೆಲ್ ಇನ್ನೂ ನೀರಾಗಿಯೇ ಇರುವಾಗ ಎಂಜಿನ್ ನಿಂತಿರುತ್ತದೆ. ನಮ್ಮ ದೇಶದ ಡೀಸೆಲ್ ಮಾನದಂಡ ಐಎಸ್ 1460. ಅದರ ಪ್ರಕಾರ ಫಿಲ್ಟರ್ ಕಟ್ಟಿಕೊಳ್ಳುವ ಉಷ್ಣಾಂಶದ ಮಿತಿ ಬೇಸಿಗೆಯಲ್ಲಿ 18 ಡಿಗ್ರಿ, ಚಳಿಗಾಲದಲ್ಲಿ 6 ಡಿಗ್ರಿ. ಮೈನಸ್ ಆರಲ್ಲ, ಬರೀ ಆರು. ಪಂಪಿನಲ್ಲಿ ಸಿಗುವ ಡೀಸೆಲ್ ಇದಕ್ಕಿಂತ ಚೆನ್ನಾಗಿರಬಹುದು, ಆದರೆ ಮಾನದಂಡ ಕೊಡುವ ಭರವಸೆ ಇಷ್ಟೇ. ಆ ಬೆಳಿಗ್ಗೆ ಕಾಜಾದಲ್ಲಿ ಇದ್ದದ್ದು ಮೈನಸ್ 24. ಫಿಲ್ಟರ್ ಬಿಚ್ಚಿದರೆ ಒಳಗೆ ಹೆಪ್ಪುಗಟ್ಟಿದ ತುಪ್ಪದಂಥದ್ದು.

ಮೈನಸ್ 33ರವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ 2019ರಲ್ಲಿ ಪಾಣಿಪತ್ ರಿಫೈನರಿಯಿಂದ ಲಡಾಖಿಗೆಂದು ತಂದಿತು. ಅಂಥ ಡೀಸೆಲ್ ಸಿಗುವ ಕಡೆ ಅದನ್ನೇ ಹಾಕಿಸಿ. ಈ ಜೀಪಿನವರು ಮಾಡಿದ್ದು ಉಲ್ಟಾ: ಬಯಲಿನಲ್ಲೇ ಟ್ಯಾಂಕ್ ತುಂಬಿಸಿ, ಮೇಲೆ ಎರಡು ಇಪ್ಪತ್ತು ಲೀಟರ್ ಕ್ಯಾನನ್ನೂ ಹೊತ್ತು ತಂದಿದ್ದರು. ಬಯಲಿನ ಡೀಸೆಲ್ ಘಟ್ಟ ಹತ್ತುವಷ್ಟರಲ್ಲಿ ಮುಗಿಯಬೇಕು. ಆಂಟಿ-ಜೆಲ್ ಹಾಕುವುದಾದರೆ ಡೀಸೆಲ್ ಇನ್ನೂ ಬೆಚ್ಚಗಿರುವಾಗ, ದಾರಿಯಲ್ಲಿ ಸಿಗುವ ಕಿನ್ನೌರ್ ದಾಟುವ ಮುಂಚೆಯೇ ಹಾಕಿ. ಮೇಣ ಒಮ್ಮೆ ಹರಳಾದ ಮೇಲೆ ಅದು ಕರಗಿಸುವುದಿಲ್ಲ, ಹರಳು ದೊಡ್ಡದಾಗದಂತೆ ತಡೆಯುವುದಷ್ಟೇ ಅದರ ಕೆಲಸ. ಇನ್ನು ಸೀಮೆಎಣ್ಣೆ. "ಸಾರ್, ಮೂವತ್ತು ಪರ್ಸೆಂಟ್ ಮಿಕ್ಸ್ ಮಾಡಿ, ಏನೂ ಆಗಲ್ಲ" ಅಂತ ಹೇಳುವವರು ಎಲ್ಲ ಕಡೆ ಇದ್ದಾರೆ. ಹತ್ತು ಭಾಗ ಸೀಮೆಎಣ್ಣೆಗೆ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಮೂವತ್ತು ಭಾಗ ಹಾಕಿದರೂ ಆರರಿಂದ ಹೆಚ್ಚೆಂದರೆ ಮೈನಸ್ ಮೂರಕ್ಕೆ ಬಂತು, ಮುಂದೆ? ಹಳೇ ಮೆಕ್ಯಾನಿಕಲ್ ಪಂಪು ಅದನ್ನು ಹೇಗೋ ತಡೆದುಕೊಳ್ಳಬಹುದು. ಹೊಸ ಕಾಲದ ಕಾಮನ್ ರೈಲ್ ಗಾಡಿಯ ಹೈ ಪ್ರೆಶರ್ ಪಂಪಿಗೆ ಜಿಡ್ಡು ಸಾಲದೆ ಸವೆದು ಲೋಹದ ಪುಡಿ ಇಂಜೆಕ್ಟರ್‌ವರೆಗೂ ಹೋಗುತ್ತದೆ. ಎರಡು ಸ್ಪೇರ್ ಫಿಲ್ಟರ್ ಜೊತೆಗಿರಲಿ, ಡೀಸೆಲ್ಲಿನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರಿನ ನೀರನ್ನು ಸಂಜೆಯೇ, ಎಂಜಿನ್ ಬಿಸಿ ಇರುವಾಗಲೇ ಬಸಿದುಬಿಡಿ. ಟ್ಯಾಂಕಿನ ಕೆಳಗೆ ಸ್ಟವ್ ಹಚ್ಚುವ ಲಾರಿಯವರನ್ನು ನೋಡಿ ಕಲಿಯಬೇಡಿ. ಅವರದು ಕಬ್ಬಿಣದ ಟ್ಯಾಂಕು, ಸುತ್ತ ವೈರಿಂಗ್ ಇಲ್ಲ. ಫಿಲ್ಟರಿಗೆ ಬಟ್ಟೆ ಸುತ್ತಿ ಬಿಸಿ ನೀರು ಸುರಿದರೆ ಸಾಕಾಗುತ್ತದೆ.

ಫಿಲ್ಟರ್ ಬದಲಿಸಿದರೂ ಎಂಜಿನ್ ತಿರುಗಲಿಲ್ಲ. ಅದರೊಳಗಿದ್ದದ್ದು 20ಡಬ್ಲ್ಯೂ-50 ಆಯಿಲ್. ಡಬ್ಲ್ಯೂ ಮುಂದಿನ ಅಂಕಿ ಸುಮ್ಮನೆ ಹಾಕಿದ್ದಲ್ಲ: 20ಡಬ್ಲ್ಯೂ ಆಯಿಲನ್ನು ಪಂಪ್ ಆಗುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ಮೈನಸ್ 20ರಲ್ಲಿ, 15ಡಬ್ಲ್ಯೂ ಮೈನಸ್ 25ರಲ್ಲಿ, 5ಡಬ್ಲ್ಯೂ ಮೈನಸ್ 35ರಲ್ಲಿ. ಸ್ಪಿತಿಗೆ 5ಡಬ್ಲ್ಯೂ-40 ಬೇಕು. ಗೇರ್ ಆಯಿಲನ್ನು ಎಲ್ಲರೂ ಮರೆಯುತ್ತಾರೆ. 85ಡಬ್ಲ್ಯೂ-140ರ ಮಿತಿ ಮೈನಸ್ 12, 80ಡಬ್ಲ್ಯೂ-90ರದ್ದು ಮೈನಸ್ 26, 75ಡಬ್ಲ್ಯೂ-90ರದ್ದು ಮೈನಸ್ 40. ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗುಂಡಿನೊಳಗಿನ ಗೇರು), ಟ್ರಾನ್ಸ್‌ಫರ್ ಕೇಸ್ (ಮುಂದಿನ-ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವುದು) ಎರಡರಲ್ಲೂ ಅಂಟಿನಂಥ ಆಯಿಲಿದ್ದರೆ ನ್ಯೂಟ್ರಲ್‌ನಲ್ಲಿ ತಳ್ಳಿದರೂ ಗಾಡಿ ಮಿಸುಕುವುದಿಲ್ಲ. ಗೇರ್‌ಬಾಕ್ಸಿಗೆ ಮಾತ್ರ ತಯಾರಕರು ಹೇಳಿದ ದರ್ಜೆಯದನ್ನೇ ಹುಡುಕಿ, ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೋ ರಿಂಗ್ ಇರುವ ಕಡೆ ಡಿಫರೆನ್ಷಿಯಲ್ ಆಯಿಲ್ ಸುರಿಯಬೇಡಿ.

ಬ್ಯಾಟರಿ ಮೈನಸ್ 18ರ ಚಳಿಯಲ್ಲಿ ಸುಮಾರು ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ, ಅದೇ ಹೊತ್ತಿಗೆ ಸ್ಟಾರ್ಟರ್ ಕೇಳುವುದು ದುಪ್ಪಟ್ಟು. ಈ ಜೀಪಿನಲ್ಲಿ ರಾತ್ರಿಯಿಡೀ ಫ್ರಿಜ್ ಓಡುತ್ತಿತ್ತು. ಮೈನಸ್ 24ರಲ್ಲಿ ಫ್ರಿಜ್! ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಸ್ಪಿತಿಯ ಚಳಿಗೆ ಹೆಪ್ಪುಗಟ್ಟುವುದಿಲ್ಲ, ಬರಿದಾದದ್ದು ಮೈನಸ್ 10ರ ಆಸುಪಾಸಿನಲ್ಲೇ ಗಡ್ಡೆ ಕಟ್ಟುತ್ತದೆ. ಹೊಟ್ಟೆ ಉಬ್ಬಿದ ಬ್ಯಾಟರಿಗೆ ಜಂಪ್ ಕೊಡಲೇಬೇಡಿ, ಸಿಡಿಯುತ್ತದೆ. ರಾತ್ರಿ ಬಿಚ್ಚಿ ಕೋಣೆಯೊಳಗೆ ತಂದಿಟ್ಟರೆ ಅರ್ಧ ತಾಪತ್ರಯ ಕಳೆಯಿತು. ಸ್ಟಾರ್ಟ್ ಮಾಡುವ ಮುಂಚೆ ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್ ಇರುವ ಎಂಜಿನ್ನಾದರೆ ಒಂದೊಂದನ್ನೂ ಮಲ್ಟಿಮೀಟರಿನಲ್ಲಿ ನೋಡಿ, ಒಂದು ಓಮ್ ಆಸುಪಾಸು ತೋರಿಸಬೇಕು. ಬೆಂಗಳೂರಿನ ಹವೆಗೆ ನಾಲ್ಕರಲ್ಲಿ ಎರಡು ಸತ್ತಿದ್ದರೂ ಗೊತ್ತೇ ಆಗುವುದಿಲ್ಲ.

ಈಗ ಮೂರನೆಯ ದಿನದ ಅನಾಹುತಕ್ಕೆ ಬರೋಣ. ಇದರ ಬೇರು ತಿಳಿದುಕೊಳ್ಳದೆ ಯಾರೂ ಘಟ್ಟ ಹತ್ತಬಾರದು. ನಮ್ಮ ಕಡೆ ಹಳೇ ಜೀಪು ಹೀಟಾದರೆ ಮೆಕ್ಯಾನಿಕ್ ಮೊದಲು ಮಾಡುವುದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಕವಾಟ) ಕಿತ್ತು ಬಿಸಾಡುವುದು. ಹೀಟರ್ ಪೈಪನ್ನೂ "ಇಲ್ಲಿ ಯಾಕೆ ಸಾರ್" ಅಂತ ಬೈಪಾಸ್ ಮಾಡಿರುತ್ತಾರೆ. ಈ ಗಾಡಿಯಲ್ಲಿ ಎರಡೂ ಆಗಿತ್ತು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸ್ಪಿತಿಯ ಗಾಳಿಗೆ 80 ಡಿಗ್ರಿ ಮುಟ್ಟುವುದೇ ಇಲ್ಲ, 50ರ ಹತ್ತಿರವೇ ತೊಳಲುತ್ತದೆ. ಆಗ ಉರಿಯದ ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಆಯಿಲಿಗೆ ಸೇರುತ್ತದೆ. ಜೊತೆಗೆ ದಹನದಿಂದ ಬಂದ ನೀರಾವಿ ಎಂಜಿನ್ನಿನ ತಳದ ಕ್ರ್ಯಾಂಕ್‌ಕೇಸಿನಲ್ಲೇ ಉಳಿಯುತ್ತದೆ; ಬಿಸಿ ಎಂಜಿನ್ನಾಗಿದ್ದರೆ ಅದು ಆವಿಯಾಗಿಯೇ ಬ್ರೀದರ್ (ಎಂಜಿನ್ ಉಸಿರು ಬಿಡುವ ಪೈಪು) ದಾರಿಯಲ್ಲಿ ಹೊರಗೆ ಹೋಗುತ್ತಿತ್ತು. ಈ ಜೀಪಿನ ಬ್ರೀದರ್ ಪೈಪಿಗೆ ಚಂದಕ್ಕೊಂದು ಅಲ್ಯೂಮಿನಿಯಂ ಕ್ಯಾಚ್ ಕ್ಯಾನ್ (ಆಯಿಲ್ ಹನಿ ಹಿಡಿಯುವ ಡಬ್ಬ) ಕೂರಿಸಿದ್ದರು, ಅದೂ ಗ್ರಿಲ್ಲಿನ ಪಕ್ಕ, ಮುಂದಿನ ಗಾಳಿ ನೇರ ಬಡಿಯುವ ಜಾಗದಲ್ಲಿ. ಇಂಟೇಕ್ ಶುಚಿಯಾಗಿರಲಿ ಎಂದು ನಮ್ಮ ಕಡೆ ಹಾಕುವುದು ಸರಿಯೇ. ಸ್ಪಿತಿಯಲ್ಲಿ ಆವಿ ಆ ಡಬ್ಬದೊಳಗೆ ಬಂದು ತಣಿದು, ಆಯಿಲಿನ ಜೊತೆ ಕಡೆದ ಮಜ್ಜಿಗೆಯಂಥ ಬಿಳಿ ಕೆನೆಯಾಗಿ, ಆಮೇಲೆ ಕಲ್ಲಾಯಿತು. ಎಂಜಿನ್ನಿನ ಉಸಿರು ಕಟ್ಟಿತು. ಒಳಗಿನ ಒತ್ತಡ ಎಲ್ಲಿ ಸಡಿಲ ಸಿಕ್ಕಿತೋ ಅಲ್ಲಿ ನುಗ್ಗಿತು: ಮೊದಲು ಡಿಪ್‌ಸ್ಟಿಕ್ ಮೇಲೆದ್ದಿತು, ಆಮೇಲೆ ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್ ಹೋಯಿತು. ಕ್ಲಚ್ ಹೌಸಿಂಗ್ ಕೆಳಗಿನಿಂದ ಆಯಿಲ್ ಧಾರೆಯಾಗಿ ಸುರಿಯಿತು. ಆ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಕಾಜಾದ ಜನವರಿಯಲ್ಲಿ ಅದು ಆಗುವ ಮಾತಲ್ಲ. ಡಿಪ್‌ಸ್ಟಿಕ್ ತಾನಾಗಿ ಮೇಲೆ ಬಂದಿದ್ದರೆ ಅಥವಾ ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಕಂಡರೆ ಕೂಡಲೇ ಎಂಜಿನ್ ಆಫ್ ಮಾಡಿ ಬ್ರೀದರ್ ಪೈಪ್ ಬಿಚ್ಚಿ ನೋಡಿ. ಹೊರಡುವ ಮುಂಚೆ 82 ಡಿಗ್ರಿಯ ಹೊಸ ಥರ್ಮೋಸ್ಟಾಟ್ ಹಾಕಿಸಿ, ಹೀಟರ್ ಜೋಡಿಸಿ, ಕ್ಯಾಚ್ ಕ್ಯಾನ್ ತೆಗೆಸಿ, ಬ್ರೀದರ್ ಪೈಪನ್ನು ಗಿಡ್ಡ ಮಾಡಿ ಎಂಜಿನ್ನಿಗೆ ಒತ್ತಿಕೊಂಡೇ ಹೋಗುವಂತೆ ಫೋಮ್ ಸುತ್ತಿಸಿ. ರೇಡಿಯೇಟರ್ ಮುಂದೆ ಅರ್ಧಕ್ಕೆ ರಟ್ಟು ಕಟ್ಟುವುದು ಅಲ್ಲಿನ ಡ್ರೈವರ್‌ಗಳ ಹಳೇ ಉಪಾಯ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಟ್ಟು ಮಾಡಿದರೆ ತಪ್ಪಿಲ್ಲ.

ಹಿಮದಲ್ಲಿ ಹೂತದ್ದಕ್ಕೆ ಕಾರಣ ಮೂರು: ತೂಕ, ಟೈರು, ಲಿಫ್ಟು (ಬಾಡಿ ಎತ್ತಿಸಿದ್ದು). ಕೆಸರಿಗೆ ತಳ ಉಂಟು. ಮಡ್ ಟೈರ್ ಕೆಸರನ್ನು ಅಗೆದು ತಳದ ಗಟ್ಟಿ ನೆಲ ಹಿಡಿಯುತ್ತದೆ, ಆಕ್ಸಿಲರೇಟರ್ ಒತ್ತಿ ಚಕ್ರ ತಿರುಗಿಸಿದಷ್ಟೂ ಟೈರಿನ ಹಲ್ಲುಗಳ ನಡುವಿನ ಕೆಸರು ಹಾರಿ ಹಿಡಿತ ಬರುತ್ತದೆ. ಆಳದ ಹಿಮದಲ್ಲಿ ಹಾಗೆ ಅಗೆದರೆ ಗುಂಡಿ ಆಗುವುದಷ್ಟೇ. ತಿರುಗಿದ ಚಕ್ರದ ಕೆಳಗೆ ಹಿಮ ಕರಗಿ ಗಾಜಿನಂಥ ಮಂಜುಗಡ್ಡೆಯಾಗುತ್ತದೆ. ಅಲ್ಲಿ ತೇಲಬೇಕು. ಲೆಕ್ಕ ಸುಲಭ. ಈ ಜೀಪು ಮೂಲದಲ್ಲಿ 1,600 ಕೆಜಿ. ಕಬ್ಬಿಣದ ಬಂಪರ್ ಎರಡು, ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಮೋಟಾರು), ಮೇಲೆ ಟೆಂಟು, ಡೀಸೆಲ್ ಕ್ಯಾನು, ಸಾಮಾನು, ಜನ ಎಲ್ಲ ಸೇರಿ 2,400 ದಾಟಿತ್ತು. ಚಕ್ರಕ್ಕೆ 600 ಕೆಜಿ. ಟೈರು ನೆಲವನ್ನು ಒತ್ತುವುದು ಹೆಚ್ಚು ಕಡಿಮೆ ಒಳಗಿನ ಗಾಳಿಯ ಒತ್ತಡದಷ್ಟೇ: 20 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ 1.4 ಕೆಜಿ. 70 ಕೆಜಿಯ ಮನುಷ್ಯ ಒಂಟಿ ಕಾಲಲ್ಲಿ ನಿಂತರೆ ಅವನ ಬೂಟು ಒತ್ತುವುದು ಚದರ ಸೆಂಟಿಮೀಟರಿಗೆ 0.35 ಕೆಜಿ. ಹಾಗಾಗಿ ಮೊದಲು ಇಳಿದು ನಡೆದು ನೋಡಿ. ನಿಮ್ಮ ಕಾಲು ಮೊಣಕಾಲವರೆಗೆ ಹೂತರೆ 20 ಪಿಎಸ್‌ಐ ಟೈರಿನ ಗತಿ ಏನೆಂದು ಬೇರೆ ಹೇಳಬೇಕಿಲ್ಲ. ಐಸ್‌ಲ್ಯಾಂಡಿನವರು 38ರಿಂದ 44 ಇಂಚಿನ ಮೆತ್ತನೆ ಟೈರು ಹಾಕಿ 3-4 ಪಿಎಸ್‌ಐಗೆ ಇಳಿಸಿ ಹಿಮನದಿಗಳ ಮೇಲೆ ಓಡಿಸುವುದು ಇದೇ ಲೆಕ್ಕದಲ್ಲಿ. ನಮ್ಮ ಮಾಮೂಲಿ ರಿಮ್ಮಿನಲ್ಲಿ 10-12ಕ್ಕಿಂತ ಕೆಳಗೆ ಇಳಿಸಿದರೆ ಟೈರಿನ ಅಂಚು ರಿಮ್ ಬಿಟ್ಟು ಬರುತ್ತದೆ, ಅದಕ್ಕಿಂತ ಇಳಿಸಲು ಅಂಚನ್ನು ರಿಮ್ಮಿಗೆ ಬಿಗಿದಿಡುವ ಬೀಡ್‌ಲಾಕ್ ಬೇಕು. ಮಡ್ ಟೈರಿನ ರಬ್ಬರ್ ಚಳಿಗೆ ಮರದಂತಾಗುತ್ತದೆ, ಮಗ್ಗುಲೂ ಗಡಸಾಗಿ ಗಾಳಿ ಇಳಿಸಿದರೂ ಹರಡಿಕೊಳ್ಳುವುದಿಲ್ಲ. ಮೂರು ಶಿಖರದ ಪರ್ವತ, ನಡುವೆ ಹಿಮದ ಹರಳು, ಈ ಗುರುತಿರುವ ಟೈರೇ ಆಗಬೇಕು.

ಇಲ್ಲಿ ಒಂದು ಸಣ್ಣ ಮೋಸವಿದೆ. ಬೆಂಗಳೂರಿನಲ್ಲಿ 30 ಡಿಗ್ರಿಯಲ್ಲಿ 32 ಪಿಎಸ್‌ಐ ತುಂಬಿಸಿದ ಟೈರು ಮೈನಸ್ 20ಕ್ಕೆ ಏಳೆಂಟು ಪಿಎಸ್‌ಐ ಕಳೆದುಕೊಳ್ಳಬೇಕು. ಆದರೆ ಕಾಜಾ 3,600 ಮೀಟರಿಗೂ ಮೇಲಿದೆ, ಹೊರಗಿನ ಗಾಳಿಯೇ ತೆಳು. ಹಾಗಾಗಿ ಗೇಜು 28ರ ಹತ್ತಿರ ತೋರಿಸುತ್ತದೆ. "ಚಳಿಗೆ ತಾನಾಗಿ ಇಳಿದಿರುತ್ತೆ ಬಿಡಿ" ಅನ್ನುವ ಮಾತನ್ನು ನಂಬದೆ ಗೇಜು ಹಿಡಿಯಿರಿ.

ಲಿಫ್ಟ್ ಕಿಟ್ಟಿಗೆ ಹಾಕಿದ ದುಡ್ಡಂತೂ ನೀರಿಗೆ ಹಾಕಿದಂತೆ. ನಾಲ್ಕಿಂಚು ಎತ್ತಿಸಿದರೆ ಬಾಡಿ ಏಳುತ್ತದೆ, ಆಕ್ಸಲ್ ಒಂದು ಮಿಲಿಮೀಟರೂ ಏಳುವುದಿಲ್ಲ. ಡಿಫರೆನ್ಷಿಯಲ್ಲಿನ ಗುಂಡನ್ನು ಮೇಲೆತ್ತುವುದು ಟೈರು ಮಾತ್ರ, ಅದೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು. 29ರಿಂದ 33 ಇಂಚಿಗೆ ಹೋದರೆ ಸಿಗುವುದು ಎರಡಿಂಚು. ಗುಂಡು ಹಿಮವನ್ನು ನೇಗಿಲಿನಂತೆ ಉಳುತ್ತಾ ಹೋಗಿ, ಮುಂದೆ ರಾಶಿಯಾಗಿ, ಗಾಡಿ ಅದರ ಮೇಲೆ ಕೂರುತ್ತದೆ. ವೇಗ ಇಳಿಯುತ್ತಿದೆ ಅನ್ನಿಸಿದ ಕೂಡಲೇ ಚಕ್ರ ತಿರುಗಿಸದೆ, ಬಂದ ಜಾಡಿನಲ್ಲೇ ರಿವರ್ಸ್ ಬನ್ನಿ. ಕೂತ ಮೇಲೆ ಮಾಡುವುದು ಒಂದೇ, ಅಗಲ ಬಾಯಿಯ ಅಲ್ಯೂಮಿನಿಯಂ ಸಲಿಕೆಯಿಂದ ಹೊಟ್ಟೆ ಕೆಳಗಿನ ಹಿಮ ತೋಡುವುದು. ವಿಂಚ್? ಸ್ಪಿತಿಯ ಬಯಲಿನಲ್ಲಿ ಕಟ್ಟಲು ಮರವೇ ಇಲ್ಲ! ಸಕಲೇಶಪುರದಲ್ಲಿ ಹತ್ತು ಹೆಜ್ಜೆಗೊಂದು ಮರ ಇರುತ್ತದೆ, ಹಾಗಾಗಿ ಈ ಪ್ರಶ್ನೆ ಗ್ಯಾರೇಜಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸ್ಟೆಪ್ನಿಯನ್ನು ಮೀಟರ್ ಆಳಕ್ಕೆ ನೆಟ್ಟಗೆ ಹೂತು, ಹಿಮ ತುಳಿದು ಗಟ್ಟಿ ಮಾಡಿ, ಅದಕ್ಕೆ ಹಗ್ಗ ಹಾಕಿ ಎಳೆಯಬೇಕು. ಪೂರ್ತಿ ಭಾರಕ್ಕೆ ವಿಂಚ್ 400 ಆಂಪಿಯರ್ ಹೀರುತ್ತದೆ, ಅರ್ಧ ಸತ್ತ ಬ್ಯಾಟರಿಯಿಂದ ಅದು ಬರುವುದಿಲ್ಲ. ಒದ್ದೆಯಾದ ಸಿಂಥೆಟಿಕ್ ಹಗ್ಗ ಡ್ರಮ್ಮಿನ ಮೇಲೆ ಬೆಳಿಗ್ಗೆ ಒಂದೇ ಉಂಡೆಯಾಗಿತ್ತು.

ಚಿಲ್ಲರೆ ಸಂಗತಿಗಳು ಇನ್ನೂ ಇವೆ. ಹೊಳೆ ದಾಟಿ ಬಂದು ಹ್ಯಾಂಡ್‌ಬ್ರೇಕ್ ಹಾಕಿದರೆ ಬೆಳಿಗ್ಗೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿರುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಎಲ್‌ಇಡಿ ಹೆಡ್‌ಲೈಟ್ ಬಿಸಿಯಾಗದ ಕಾರಣ ಗಾಜಿನ ಮೇಲೆ ಹಿಮ ಕರಗದೆ ಕೂರುತ್ತದೆ. ಎಂಜಿನ್ನಿಗೆ ಮೇಲಿನಿಂದ ಗಾಳಿ ತರುವ ಸ್ನಾರ್ಕೆಲ್ ಪೈಪಿನ ಬಾಯಿ ಮುಂದಕ್ಕಿದ್ದರೆ ಪುಡಿ ಹಿಮ ನುಂಗಿ ಏರ್ ಫಿಲ್ಟರ್ ಕಟ್ಟುತ್ತದೆ, ಹಿಂದಕ್ಕೆ ತಿರುಗಿಸಿ. ಹಿಮದಲ್ಲಿ ಟೈರಿಗೆ ಸುತ್ತುವ ಚೈನು ನಿಮ್ಮ ಹೊಸ ಟೈರಿನ ಅಳತೆಗೇ ಬೇಕು, ಮನೆಯಲ್ಲೇ ಒಮ್ಮೆ ಹಾಕಿ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಪೈಪಿಗೆ ತಾಗುತ್ತದೋ ನೋಡಿ. ಈ ಜೀಪಿನ ಚೈನು ಹಳೇ ಟೈರಿನ ಅಳತೆಯದ್ದಾಗಿತ್ತು, ಕೊಂಡಿ ನಾಲ್ಕು ಬೆರಳು ಕೂಡಲಿಲ್ಲ. ಆರ್‌ಸಿಯಲ್ಲಿ ಇಲ್ಲದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ ಎನ್ನುವುದೂ ನೆನಪಿರಲಿ.

ಹೊರಡುವ ಮುಂಚೆ ಪರೀಕ್ಷಿಸಿ ನೋಡಲು ಬೆಂಗಳೂರಿನಲ್ಲಿ ಮೈನಸ್ 20 ಎಲ್ಲಿಂದ ತರುವುದು ಅಂತ ಕೇಳಬಹುದು. ಮನೆ ಫ್ರಿಜ್ಜಿನ ಫ್ರೀಜರ್ ಮೈನಸ್ 18ರ ಹತ್ತಿರ ಹೋಗುತ್ತದೆ. ಊಟ-ತಿಂಡಿ ಇಡದ ಹಳೇ ಫ್ರಿಜ್ಜೊಂದನ್ನು ಹುಡುಕಿ (ಕೂಲಂಟ್ ಸಿಹಿ ವಿಷ, ಮಕ್ಕಳ ಕೈಗೆ ಸಿಗಬಾರದು), ಗಾಡಿಯಿಂದಲೇ ತೆಗೆದ ಕೂಲಂಟ್, ಗೇರ್ ಆಯಿಲ್, ಎಂಜಿನ್ ಆಯಿಲ್ ತಲಾ ನೂರು ಮಿಲಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಮೇಲೆ ಹೆಸರು ಬರೆದು ರಾತ್ರಿ ಇಡಿ. ಜೊತೆಗೆ ವೈರಿಂಗಿಗೆ ಬಳಸಿದ ಕೇಬಲ್ ಟೈ ಒಂದು. ಬೆಳಿಗ್ಗೆ ಬಾಟಲಿ ತಲೆಕೆಳಗು ಮಾಡಿದರೆ ಯಾವುದು ಹರಿಯುತ್ತದೆ, ಯಾವುದು ಅಂಟಿ ಕೂರುತ್ತದೆ ಕಣ್ಣಿಗೇ ಕಾಣುತ್ತದೆ. ಗ್ಲೈಕಾಲ್, ನೀರು ಸಮಪಾಲಿದ್ದರೆ ಮೈನಸ್ 37ರವರೆಗೆ ತಡೆಯುತ್ತದೆ, ಫ್ರೀಜರಿನಲ್ಲಿ ಏನೂ ಆಗಬಾರದು. ಬರೀ ಗ್ಲೈಕಾಲ್ ಸುರಿಯುವ ಜಾಣತನವೂ ಬೇಡ, ಅದು ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ. ಆ ಜೀಪಿನ ರೇಡಿಯೇಟರಿನಲ್ಲಿ ಉಳಿದಿದ್ದ ಹಸಿರು ನೀರನ್ನು ಊರಿಗೆ ಬಂದ ಮೇಲೆ ಹೀಗೆ ಇಟ್ಟು ನೋಡಿದಾಗ ಬಾಟಲಿ ತುಂಬ ಹಸಿರು ಐಸ್‌ಕ್ಯಾಂಡಿ, ಕೇಬಲ್ ಟೈ ಬಗ್ಗಿಸಿದ ಕೂಡಲೇ ಟಕ್ ಅಂತ ಎರಡು ತುಂಡು.