ಅಪ್ಪನ ಕಿವಿಗೆ ಹೊಂದುವ ಮೇಜು: ಬಳ್ಳಾರಿಯ ಮೂರು ಹೋಟೆಲುಗಳಲ್ಲಿ ಒಂದನ್ನು ಆರಿಸಿದ ಬಗೆ

ಬಳ್ಳಾರಿಯಲ್ಲಿ ದೊಡ್ಡ ಹೋಟೆಲಿನ ಊಟ ಎಂದ ಕೂಡಲೇ ಲಾಬಿ ಹೇಗಿದೆ, ಫೋಟೊ ಚೆನ್ನಾಗಿ ಬರುತ್ತದೆಯೇ, ಬಫೆಯಲ್ಲಿ ಎಷ್ಟು ಬಗೆಯ ಪದಾರ್ಥಗಳಿವೆ ಎಂಬ ಪ್ರಶ್ನೆಗಳು ಬರುತ್ತವೆ. ಅಪ್ಪನ ನಿವೃತ್ತಿಯ ಊಟಕ್ಕೆ ಜಾಗ ಹುಡುಕುವಾಗ ನನ್ನ ಮೊದಲ ಪ್ರಶ್ನೆ ಬೇರೆಯಾಗಿತ್ತು: ರಾತ್ರಿ ಎಂಟೂವರೆಗೆ ಊಟದ ಕೋಣೆಯಲ್ಲಿ ಎಷ್ಟು ಸದ್ದು ಇರುತ್ತದೆ?

ಅಪ್ಪ ಲೋಕೊ ಪೈಲಟ್, ಅಂದರೆ ರೈಲು ಇಂಜಿನ್ನಿನ ಚಾಲಕರಾಗಿದ್ದವರು. ಗೂಡ್ಸ್ ಗಾಡಿಗಳಲ್ಲಿ ಅದಿರು ಹೊತ್ತು ತೋರಣಗಲ್ಲು, ಹೊಸಪೇಟೆ, ಗುಂತಕಲ್ಲು ಎಂದು ಓಡಾಡಿದವರು. ಅವರ ವೃತ್ತಿಯ ಬಹುಪಾಲು ಕಳೆದದ್ದು ಡೀಸೆಲ್ ಇಂಜಿನ್ನಿನ ಕ್ಯಾಬಿನ್ನಿನಲ್ಲಿ. ಈ ಮಾರ್ಗದಲ್ಲಿ ವಿದ್ಯುತ್ ಇಂಜಿನ್ನುಗಳು ಬರುವ ಹೊತ್ತಿಗೆ ಕಿವಿಗೆ ಆಗಬೇಕಾದ ಹಾನಿ ಆಗಿಹೋಗಿತ್ತು. ಹೀಗೆ ಸದ್ದಿನಿಂದ ಕೆಟ್ಟ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಶ್ರುತಿಯ ಸದ್ದುಗಳನ್ನು. ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗುತ್ತವೆ, ಸ್ವರಾಕ್ಷರಗಳು ಉಳಿಯುತ್ತವೆ. ಆದ್ದರಿಂದ ಎದುರಿನವರು ಮಾತನಾಡುತ್ತಿದ್ದಾರೆ ಎಂಬುದು ಕೇಳಿಸುತ್ತದೆ, ಏನು ಹೇಳುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ಶ್ರವಣಯಂತ್ರ ಹಾಕಿದರೆ ತಟ್ಟೆ, ಚಮಚ, ಪಕ್ಕದ ಮೇಜಿನ ನಗು ಎಲ್ಲವೂ ಮಾತಿನ ಜೊತೆಗೇ ದೊಡ್ಡದಾಗುತ್ತವೆ. ಮದುವೆ ಮನೆಗಳಲ್ಲಿ ಅಪ್ಪ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡು ಸುಮ್ಮನೆ ಕುಳಿತುಬಿಡುತ್ತಾರೆ. ಅವರ ನಿವೃತ್ತಿಯ ಊಟದಲ್ಲಿ ಹಾಗಾಗಬಾರದು ಎಂಬುದು ನನ್ನ ಹಟವಾಗಿತ್ತು.

ರೈಲ್ವೆಯಲ್ಲಿ ನಿವೃತ್ತಿ ತಿಂಗಳ ಕೊನೆಯ ದಿನ ಆಗುತ್ತದೆ. ನಮ್ಮದು ಮೇ 31, ಶನಿವಾರ. ಇದರಿಂದ ಎರಡು ಸಂಗತಿಗಳು ತಾವಾಗಿಯೇ ತೀರ್ಮಾನವಾದವು. ಶನಿವಾರ ಅಮ್ಮನಿಗೆ ಆಂಜನೇಯನ ಒಪ್ಪತ್ತು. ಆ ದಿನದ ಒಂದೇ ಊಟ ಈ ರಾತ್ರಿಯದ್ದಾಗಬೇಕು, ಅದು ಶುದ್ಧ ಸಸ್ಯಾಹಾರವಾಗಿರಬೇಕು. ಇನ್ನು ಮೇ ತಿಂಗಳ ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಹಗಲು ನಲವತ್ತು ಡಿಗ್ರಿ ದಾಟಿದರೆ ರಾತ್ರಿ ಹತ್ತಾದರೂ ಕೋಟೆ ಗುಡ್ಡದ ಬಂಡೆಯೂ ಮನೆಯ ತಾರಸಿಯೂ ಕಾವು ಉಗುಳುತ್ತಲೇ ಇರುತ್ತವೆ, ಹಾಗಾಗಿ ಬಯಲಿನಲ್ಲಿ ಕುಳಿತು ಉಣ್ಣುವ ಮಾತಿರಲಿಲ್ಲ.

ತಮ್ಮನಿಗೆ ತೋರಣಗಲ್ಲಿನ ವಿದ್ಯಾನಗರದ ಹಯಾತ್ ಪ್ಲೇಸ್ ಮೇಲೆ ಮನಸ್ಸಿತ್ತು. ಜಿಂದಾಲ್ ಕಾರ್ಖಾನೆಗೆ ಬರುವ ಅತಿಥಿಗಳೂ ಹಂಪಿ ನೋಡಲು ಬರುವವರೂ ಇಳಿದುಕೊಳ್ಳುವ ಜಾಗ ಅದು. ಕಮಲಾಪುರದಲ್ಲಿ ವಿಜಯನಗರದ ಅರಮನೆಯ ಮಾದರಿಯಲ್ಲಿ ಕಟ್ಟಿದ ಇವಾಲ್ವ್ ಬ್ಯಾಕ್ ಕೂಡ ಇದೆ. ರಾತ್ರಿ ಅಲ್ಲೇ ತಂಗುವುದಾದರೆ ಎರಡೂ ಯೋಚಿಸಬೇಕಾದವೇ. ಆದರೆ ಊಟ ಮುಗಿಸಿ ಹತ್ತೂವರೆಗೆ ಅದಿರಿನ ಲಾರಿಗಳ ನಡುವೆ ವಯಸ್ಸಾದವರನ್ನು ಕೂರಿಸಿಕೊಂಡು ಹಿಂತಿರುಗುವ ಪ್ರಯಾಣ ನನಗೆ ಬೇಡವೆನಿಸಿತು. ಊರಿನೊಳಗಿನ ಮೂರು ಹೋಟೆಲುಗಳು ಉಳಿದವು. ಅವುಗಳ ಹೆಸರು ಬರೆಯುವುದಿಲ್ಲ. ಬಾಣಸಿಗನೊಬ್ಬ ಬಿಟ್ಟುಹೋದರೆ ರೆಸ್ಟೋರೆಂಟೇ ಬದಲಾಗುವ ಊರು ಇದು. ಹೇಗೆ ನೋಡಬೇಕು ಎಂಬುದು ಹೆಸರಿಗಿಂತ ಹೆಚ್ಚು ದಿನ ಉಪಯೋಗಕ್ಕೆ ಬರುತ್ತದೆ.

ಮೂರನ್ನೂ ಊಟದ ಹೊತ್ತಿನಲ್ಲೇ ಹೋಗಿ ನೋಡಿದೆ. ಮಧ್ಯಾಹ್ನ ಮೂರಕ್ಕೆ ಹೋದರೆ ಎಲ್ಲ ರೆಸ್ಟೋರೆಂಟುಗಳೂ ಶಾಂತವಾಗಿಯೇ ಇರುತ್ತವೆ.

ಮೊದಲನೆಯದು ತಾರಸಿಯ ಮೇಲಿನದು. ಕೋಟೆಯ ದೀಪಗಳು ಕಾಣುತ್ತವೆ, ಗಿಡಬಳ್ಳಿಗಳಿವೆ, ಮೇಜಿನ ಮೇಲೆ ಮೇಣದ ಬತ್ತಿ. ಪ್ರೀತಿಸುವ ಇಬ್ಬರು ಡಿಸೆಂಬರಿನಲ್ಲಿ ಹೋಗಿ ಕುಳಿತರೆ ಅದಕ್ಕಿಂತ ಚೆಂದದ ಜಾಗ ಈ ಊರಿನಲ್ಲಿ ಇರಲಾರದು. ನಮಗೆ ಅದು ಹೊಂದುವುದಿಲ್ಲ. ವಾರಾಂತ್ಯದಲ್ಲಿ ಕೀಬೋರ್ಡಿನ ಜೊತೆ ಹಾಡುವವರು ಬರುತ್ತಾರೆ, ಸ್ಪೀಕರ್ ನೇರವಾಗಿ ಮೇಜುಗಳ ಕಡೆಗೆ ತಿರುಗಿದೆ. ಮಂದ ಬೆಳಕು ಇನ್ನೊಂದು ತೊಡಕು. ಕಿವಿ ಮಂದವಾದವರು ಅರ್ಧ ಮಾತನ್ನು ಎದುರಿನವರ ತುಟಿಯಿಂದ ಓದುತ್ತಾರೆ, ಮುಖ ಕಾಣದಿದ್ದರೆ ಆ ಅರ್ಧವೂ ಹೋಯಿತು.

ಎರಡನೆಯದು ಹೊಸದು, ಊರಿನಲ್ಲಿ ಎಲ್ಲರ ಬಾಯಲ್ಲೂ ಇರುವುದು. ಹೊಳೆಯುವ ಗ್ರಾನೈಟ್ ನೆಲ, ಒಂದು ಬದಿಗೆ ನೆಲದಿಂದ ಚಾವಣಿಯವರೆಗೆ ಗಾಜು, ಎರಡು ಅಂತಸ್ತಿನ ಎತ್ತರ. ಕಣ್ಣಿಗೆ ನಿಜಕ್ಕೂ ಹಬ್ಬ. ಆದರೆ ಕಲ್ಲು ಮತ್ತು ಗಾಜು ಸದ್ದನ್ನು ಹೀರುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ. ಕುರ್ಚಿಯೊಂದನ್ನು ಎಳೆದರೆ ಇಡೀ ಹಾಲ್ ಕೇಳುತ್ತದೆ. ಮಾತು ಕೇಳಿಸದೆ ಒಬ್ಬರು ದನಿ ಏರಿಸುತ್ತಾರೆ, ಪಕ್ಕದ ಮೇಜಿನವರು ಅದಕ್ಕಿಂತ ಏರಿಸುತ್ತಾರೆ, ಒಂಬತ್ತು ಗಂಟೆಯ ಹೊತ್ತಿಗೆ ಎಲ್ಲರೂ ಕೂಗುತ್ತಿರುತ್ತಾರೆ. ಎಂಟು ಜನರಿಗೆ ಅವರು ಕೊಡುವುದು ನಾಲ್ಕು ಚೌಕ ಮೇಜುಗಳನ್ನು ಸಾಲಾಗಿ ಜೋಡಿಸಿದ ಉದ್ದದ ಮೇಜು. ಉದ್ದದ ಮೇಜಿನಲ್ಲಿ ಎರಡು ಊಟಗಳು ನಡೆಯುತ್ತವೆ, ಈ ತುದಿಯದೊಂದು, ಆ ತುದಿಯದೊಂದು. ನಿವೃತ್ತಿಯಾದವರನ್ನು ತಲೆಯ ಕಡೆ ಕೂರಿಸಿದರೆ ಅವರಿಗೆ ಇಬ್ಬರ ಮುಖ ಮಾತ್ರ ಹತ್ತಿರ. ಶೌಚಾಲಯವೂ ಒಂದು ಮಹಡಿ ಕೆಳಗಿದೆ. ಅಮ್ಮನ ಮೊಣಕಾಲಿನ ಲೆಕ್ಕದಲ್ಲಿ ಅಷ್ಟೇ ಸಾಕಾಗಿತ್ತು, ಹೋಟೆಲನ್ನು ಬಿಡಲು.

ಮೂರನೆಯದು ಕಂಟೋನ್ಮೆಂಟ್ ಕಡೆಯ ಹಳೆಯ ಹೋಟೆಲು. ಹೊರಗಿನಿಂದ ಯಾರೂ ತಿರುಗಿ ನೋಡುವುದಿಲ್ಲ. ತಗ್ಗು ಚಾವಣಿ, ನೆಲಕ್ಕೆ ದಪ್ಪ ಕಾರ್ಪೆಟ್, ಕಿಟಕಿಗಳಿಗೆ ಎರಡು ಪದರದ ಪರದೆ, ಮೇಜುಗಳ ಮೇಲೆ ಬಟ್ಟೆ. ಹದಿನೈದು ವರ್ಷದ ಹಿಂದಿನ ಫ್ಯಾಷನ್ ಎಂದು ತಮ್ಮ ಮುಖ ಸಿಂಡರಿಸಿದ. ಆದರೆ ಆ ಬಟ್ಟೆಗಳೆಲ್ಲ ಸದ್ದನ್ನು ಕುಡಿಯುತ್ತವೆ. ಕೋಣೆ ಮುಕ್ಕಾಲು ತುಂಬಿದ್ದಾಗಲೂ ಎದುರು ಕುಳಿತ ಅಕ್ಕನ ಜೊತೆ ನಾನು ಮನೆಯ ದನಿಯಲ್ಲೇ ಮಾತನಾಡಿದೆ. ಮೂಲೆಯಲ್ಲಿ ಎಂಟು ಜನರ ದುಂಡು ಮೇಜಿದೆ. ಎರಡು ಬದಿಗೆ ಗೋಡೆ, ಮೇಲೆ ನೇರ ಬೆಳಕು, ಅಡುಗೆಮನೆಯ ಬಾಗಿಲು ದೂರ. ಅಪ್ಪನ ಬೆನ್ನು ಗೋಡೆಗೆ ಬಂದರೆ ಹಿಂದಿನಿಂದ ಸದ್ದು ಬರುವುದಿಲ್ಲ, ಏಳು ಮುಖಗಳೂ ಬೆಳಕಿನಲ್ಲಿ ಎದುರಿಗಿರುತ್ತವೆ. ಸಂಗೀತವನ್ನು ನಿಲ್ಲಿಸಲು ಆಗುತ್ತದೆಯೇ ಎಂದು ಬಡಿಸುವವರ ಮೇಲ್ವಿಚಾರಕರಾದ ಕ್ಯಾಪ್ಟನ್ನನ್ನು ಕೇಳಿದೆ. ಕಾರಣ ಹೇಳಿದ ಮೇಲೆ ಅವರು ಆ ಮೂಲೆಯ ಸ್ಪೀಕರನ್ನು ಅಲ್ಲೇ ಬಂದ್ ಮಾಡಿ ತೋರಿಸಿದರು. ಅಲ್ಲಿಗೆ ನನ್ನ ಆಯ್ಕೆ ಮುಗಿದಿತ್ತು.

ಊಟದ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯ ದೊಡ್ಡ ಹೋಟೆಲುಗಳ ಮೆನು ನೋಡಿದರೆ ನನಗೆ ಬೇಸರವಾಗುತ್ತದೆ. ಪನೀರ್ ಬಟರ್ ಮಸಾಲಾ, ಗೋಬಿ ಮಂಚೂರಿ, ವೆಜ್ ಹೈದರಾಬಾದಿ, ಎಲ್ಲ ಊರಿನಲ್ಲೂ ಅದೇ ಕೆಂಪು ಗ್ರೇವಿ. ಸಿರುಗುಪ್ಪದ ಸೋನಾ ಮಸೂರಿ ಬೆಳೆಯುವ ಜಿಲ್ಲೆಯಲ್ಲಿ ಹಬ್ಬದ ಊಟಕ್ಕೆ ಬಾಸುಮತಿಯೇ ಆಗಬೇಕೆಂದು ಯಾರು ಹೇಳಿದರೋ. ಜೋಳದ ರೊಟ್ಟಿ ಇದ್ದರೂ ಬಫೆಯ ಬಿಸಿಪಾತ್ರೆಯಲ್ಲಿ ಮುಚ್ಚಿಟ್ಟಿರುತ್ತಾರೆ, ಹತ್ತು ನಿಮಿಷಕ್ಕೆ ಅದು ಚಕ್ಕಳ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ. ಕುದಿವ ನೀರಿನಲ್ಲಿ ಕಲಸಿ ನಾದಿ ತಟ್ಟಿದ ರೊಟ್ಟಿ ಹಂಚಿನಿಂದ ಇಳಿದ ಸ್ವಲ್ಪ ಹೊತ್ತು ಮಾತ್ರ ಮೆತ್ತಗಿರುತ್ತದೆ. ಖಡಕ್ ರೊಟ್ಟಿಯ ಮಾತು ಬೇರೆ, ಅದನ್ನು ಒಣಗಿಸುವುದೇ ವಾರಗಟ್ಟಲೆ ಇಡಲು. ಬಿಸಿರೊಟ್ಟಿ ಬಡಿಸುವ ಹೋಟೆಲಿನಲ್ಲಿ ತಟ್ಟುವವರು, ಹಂಚು, ಓಡುವ ಕಾಲುಗಳು ಒಟ್ಟಿಗೆ ಇರಬೇಕು. ನನ್ನ ಮಟ್ಟಿಗೆ ಅಡುಗೆಮನೆಯ ನಿಜವಾದ ಪರೀಕ್ಷೆ ಇದು. ಡ್ಯೂಟಿಗೆ ಒಯ್ಯುವ ಲೈನ್ ಬಾಕ್ಸ್ ಎಂಬ ಪೆಟ್ಟಿಗೆಯ ಬುತ್ತಿ, ರೈಲು ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನ ಹೊತ್ತಲ್ಲದ ಹೊತ್ತಿನ ಊಟ ಎಂದು ಆರಿದ ರೊಟ್ಟಿಯನ್ನೇ ತಿಂದ ಮನುಷ್ಯನಿಗೆ ಆ ರಾತ್ರಿ ಹಂಚಿನ ಬಿಸಿ ಬೇಕೇ ಬೇಕು ಎಂದು ನಾನು ನಿಶ್ಚಯಿಸಿದ್ದೆ.

ಮೆನುವಿನಲ್ಲಿ ರೊಟ್ಟಿ ಇರಲಿಲ್ಲ. ಒಂದು ದಿನ ಮೊದಲೇ ಎಷ್ಟು ಬೇಕೆಂದು ಹೇಳಿದರೆ ತಟ್ಟುವವರನ್ನು ಕರೆಸುತ್ತೇವೆ ಎಂದರು, ಕರೆಸಿದರು. ಎರಡೆರಡೇ ಬಂದವು, ಬಂದವುಗಳೆಲ್ಲ ಉಬ್ಬಿದ್ದವು. ಮುಳ್ಳುಗಾಯಿ ಎಣ್ಣೆಗಾಯಿಯಲ್ಲಿ ಗುರೆಳ್ಳು, ಶೇಂಗಾ ಎರಡೂ ಇದ್ದವು. ಬದನೆ ಹೋಳು ಒಡೆಯದೆ ತೊಟ್ಟಿನ ತನಕ ಬೆಂದಿತ್ತು. ಪುಂಡಿಪಲ್ಯದ ಹುಳಿ ಸರಿಯಾಗಿತ್ತು. ಹಸಿ ಮೆಂತ್ಯೆ ಸೊಪ್ಪು, ಈರುಳ್ಳಿ, ಸೌತೆಕಾಯಿ ಕೇಳದೆಯೇ ತಂದಿಟ್ಟರು. ಶೇಂಗಾ ಹಿಂಡಿ ಮಾತ್ರ ಹೊರಗಿನ ಪೊಟ್ಟಣದ್ದು, ಬೆಳ್ಳುಳ್ಳಿಯ ಘಾಟು ಇಲ್ಲದ್ದು. ಹೆಸರುಕಾಳಿನ ಪಲ್ಯ ಉಪ್ಪು ಕಡಿಮೆ. ಹೋಳಿಗೆ ಕೇಳಿದ್ದಕ್ಕೆ ಆಗುವುದಿಲ್ಲವೆಂದು ಮೊದಲೇ ತಿಳಿಸಿದ್ದರಿಂದ ಮನೆಯಿಂದ ಶೇಂಗಾ ಹೋಳಿಗೆ ಒಯ್ದೆವು. ಒಳಗೆ ತರಲು ಬಿಟ್ಟರು, ತುಪ್ಪ ಬಿಸಿ ಮಾಡಿ ಕೊಟ್ಟರು, ಅದಕ್ಕೆ ಹಣ ಹಾಕಲಿಲ್ಲ. ಸಸ್ಯಾಹಾರಕ್ಕೆ ಬೇರೆ ಬಾಣಲೆ, ಬೇರೆ ಎಣ್ಣೆ ಇದೆಯೇ ಎಂದು ವಿಚಾರಿಸಿದಾಗ ಬಾಣಸಿಗ ಅಮ್ಮನನ್ನು ಕರೆದು ತೋರಿಸಿದರು. ಚಿಕನ್ ಕಬಾಬಿನ ಎಣ್ಣೆಯಲ್ಲೇ ಗೋಬಿ ಕರಿಯುವ ಕಡೆ ಈ ಪ್ರಶ್ನೆಗೆ ತಡವಾಗಿ ಉತ್ತರ ಬರುತ್ತದೆ, ಅದನ್ನು ಗಮನಿಸಬೇಕು.

ಅಪ್ಪ ಅಂದು ಮಾತನಾಡಿದರು. ಬೆಳಿಗ್ಗೆ ಕೊನೆಯ ಡ್ಯೂಟಿಯ ಇಂಜಿನ್ನಿಗೆ ಸಹೋದ್ಯೋಗಿಗಳು ಹೂವಿನ ಹಾರ ಕಟ್ಟಿದ್ದನ್ನು, ಮಳೆಗಾಲದ ರಾತ್ರಿಗಳಲ್ಲಿ ಸಿಗ್ನಲ್ ಹುಡುಕಿದ್ದನ್ನು ಹೇಳಿದರು. ಅಕ್ಕನ ಮಗಳು ಹಾರ್ನಿನ ಸಂಕೇತಗಳ ಬಗ್ಗೆ ಒಂದರ ಮೇಲೊಂದು ಪ್ರಶ್ನೆ ಕೇಳಿದಳು. ಒಂದನ್ನೂ ಅವರು ‘ಏನು?’ ಎಂದು ತಿರುಗಿ ಕೇಳಲಿಲ್ಲ. ಯಂತ್ರ ಕಿವಿಯಲ್ಲೇ ಇತ್ತು. ನಾನು ಈ ಹೋಟೆಲಿಗೆ ಪೂರ್ಣ ಅಂಕ ಕೊಡುವುದು ಇದಕ್ಕಾಗಿ.

ಕುಂದುಗಳೂ ಇವೆ. ಹವಾನಿಯಂತ್ರಣದ ಗಾಳಿ ದುಂಡು ಮೇಜಿನ ಒಂದು ಬದಿಗೆ ನೇರವಾಗಿ ಬೀಳುತ್ತದೆ, ಅಲ್ಲಿ ಕುಳಿತವರಿಗೆ ಶಾಲು ಬೇಕು. ಸೂಪು ನಾಲ್ವರಿಗೆ ಬಂದು ಉಳಿದವರಿಗೆ ಬರುವಷ್ಟರಲ್ಲಿ ಮೊದಲಿನದು ಆರಿತ್ತು. ಕರೆಂಟ್ ಹೋದಾಗ ಜನರೇಟರ್ ಹತ್ತಲು ಹೊತ್ತು ಹಿಡಿಯಿತು.

ಬಿಲ್ಲು. ತೆರಿಗೆ ಲೆಕ್ಕ ಬರೆಯುವುದು ನನ್ನ ಕಸುಬಾದ್ದರಿಂದ ಇದನ್ನು ಬಿಡುವಂತಿಲ್ಲ. ಊಟದ ಮೊತ್ತ 6,860 ರೂಪಾಯಿ. ಅದರ ಮೇಲೆ ಶೇಕಡಾ ಹತ್ತು, ಅಂದರೆ 686 ರೂಪಾಯಿ ಸೇವಾಶುಲ್ಕ ಸೇರಿಸಿ, ಆ ಒಟ್ಟಿನ ಮೇಲೆ ಜಿಎಸ್‌ಟಿ ಹಾಕಿದ್ದರು. ಸೇವಾಶುಲ್ಕವನ್ನು ಹೀಗೆ ತಾವೇ ಸೇರಿಸುವಂತಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿ ಅದನ್ನು ತಡೆಯುತ್ತದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಆ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ವಿನಯದಿಂದ ಹೇಳಿದೆ, ವಾದವಿಲ್ಲದೆ ತೆಗೆದರು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಊಟದ ಮೊತ್ತದ ಮೇಲೆ ಶೇಕಡಾ ಐದರ ಜಿಎಸ್‌ಟಿ 343 ರೂಪಾಯಿ ಸೇರಿ 7,203 ಆಯಿತು. ರೊಟ್ಟಿ ತಟ್ಟಿದ ತಾಯಿಗೂ ಬಡಿಸಿದ ಹುಡುಗರಿಗೂ ನಾವು ಕೈಯಾರೆ ಬೇರೆ ಕೊಟ್ಟೆವು, ಅದು ಸೇರಬೇಕಾದವರಿಗೆ ಸೇರಿತು.

ಜಿಎಸ್‌ಟಿ ಶೇಕಡಾ ಐದೋ ಹದಿನೆಂಟೋ ಎಂಬ ಗೊಂದಲ ಹಲವರಿಗಿದೆ. ಕೊಠಡಿ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಶೇಕಡಾ ಹದಿನೆಂಟು, ಉಳಿದೆಡೆ ಸಾಮಾನ್ಯವಾಗಿ ಐದು. 2025ರ ಏಪ್ರಿಲ್‌ನಿಂದ ಹಿಂದಿನ ಹಣಕಾಸು ವರ್ಷದಲ್ಲಿ ನಿಜವಾಗಿ ಪಡೆದ ಬಾಡಿಗೆಯನ್ನು ನೋಡುತ್ತಾರೆ. ಎಂಟು ಜನರ ಊಟಕ್ಕೆ ಈ ವ್ಯತ್ಯಾಸ ಸಾವಿರದ ಹತ್ತಿರ ಬರುತ್ತದೆ, ಕಾಯ್ದಿರಿಸುವಾಗಲೇ ಕೇಳಿ. ಬಾಟಲಿ ನೀರಿಗೆ ಮುದ್ರಿತ ಬೆಲೆಗಿಂತ ಹೆಚ್ಚು ಹಾಕಿದರೆ ಮಾತ್ರ ಜಗಳ ಬೇಡ, ಕುಳಿತು ಊಟ ಮಾಡುವ ಹೋಟೆಲುಗಳಿಗೆ ಅದು ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಶುದ್ಧೀಕರಿಸಿದ ನೀರಿನ ಹೂಜಿ ಕೇಳಿ, ತರುತ್ತಾರೆ.

ಗುರುತು ಹಿಡಿದು ಆ ಹಳೆಯ ಹೋಟೆಲಿಗೆ ಹೋಗುವವರು ಎಂಟು ಗಂಟೆಗೆ ಮುಂಚೆ ತಲುಪಿದರೆ ಒಳ್ಳೆಯದು, ಒಂಬತ್ತರ ನಂತರ ಮಕ್ಕಳ ಹುಟ್ಟುಹಬ್ಬದ ಗುಂಪುಗಳು ಬರುತ್ತವೆ. ಮದುವೆಯ ಮುಹೂರ್ತವಿರುವ ದಿನ ಮೇಲಿನ ಸಭಾಂಗಣದಲ್ಲಿ ಬ್ಯಾಂಡ್ ಇರುತ್ತದೆ, ಅದರ ಸದ್ದು ಮೆಟ್ಟಿಲಿನಿಂದ ಇಳಿಯುತ್ತದೆ. ಹಾಗಾಗಿ ಫೋನಿನಲ್ಲಿ ಮೊದಲು ವಿಚಾರಿಸಬೇಕಾದದ್ದು ಅಂದು ಸಭಾಂಗಣ ಯಾರಿಗಾದರೂ ಕೊಟ್ಟಿದೆಯೇ ಎಂಬುದನ್ನು, ಆಮೇಲೆ ಮೂಲೆಯ ದುಂಡು ಮೇಜನ್ನು.