ಅಮ್ಮ ‘ಆಟಿ’ ಅಂದಳು, ಸಿಸ್ಟರ್ ಮಾರ್ಕು ಕೊಟ್ಟರು

ನಮ್ಮ ಮನೆ ಕಾಸರಗೋಡಿನ ಒಳಭಾಗದಲ್ಲಿ, ಕರ್ನಾಟಕದ ಗಡಿಯ ಹತ್ತಿರ. ಇಲ್ಲಿ ವಾಚನಾಲಯದ ಕಟ್ಟಡದಲ್ಲಿ ತಿಂಗಳಿಗೊಮ್ಮೆ ವಯಸ್ಸಾದವರ ನೆನಪಿನ ತಪಾಸಣೆ ನಡೆಯುತ್ತದೆ. ಅಮ್ಮನನ್ನು ಮೂರು ಸಲ ಕರೆದುಕೊಂಡು ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅಮ್ಮನಿಗೆ 74. ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಎರಡು ವರ್ಷದ ಹಿಂದೆ, ಹಲಸಿನ ಹಪ್ಪಳದ ಸಮಯ. ಸೊಳೆ ಬೆಂದಿತ್ತು. ಮುಂದೇನು ಮಾಡಬೇಕೆಂದು ತಿಳಿಯದೆ ಅಮ್ಮ ಪಾತ್ರೆಯ ಎದುರು ನಿಂತೇ ಇದ್ದಳು. ನಲವತ್ತು ವರ್ಷ ಹಪ್ಪಳ ಮಾಡಿದವಳು. ‘ಪ್ರಾಯ ಆಯಿತಲ್ಲ’ ಅಂದುಕೊಂಡು ನಾವು ಸುಮ್ಮನಾದೆವು. ಆಮೇಲೆ ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಕಳೆದ ವರ್ಷ ತೋಟದಿಂದ ಮನೆಗೆ ಬರುವ ದಾರಿಯೇ ತಪ್ಪಿತು. ಆ ಸಂಜೆ ತೋಡಿನ ಬದಿಯಲ್ಲಿ ಕೂತಿದ್ದ ಅಮ್ಮನನ್ನು ಕಂಡಾಗ ನನ್ನ ಕೈಕಾಲು ನಡುಗಿತು.

ಮೊದಲು ಪೇಟೆಯ ಒಂದು ಆಸ್ಪತ್ರೆಗೆ ಹೋದೆವು. ಪ್ರಶ್ನೆಗಳೆಲ್ಲ ಮಲಯಾಳದಲ್ಲಿ, ಅದೂ ಗಡಿಬಿಡಿಯಲ್ಲಿ. ಅಮ್ಮನಿಗೆ ಬರುವುದು ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಮಲಯಾಳ ಮಾತ್ರ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು. ಅಮ್ಮ ನನ್ನ ಮುಖ ನೋಡಿದಳು. 30ರಲ್ಲಿ 9 ಅಂಕ. ಕಾಯಿಲೆ ತುಂಬಾ ಮುಂದೆ ಹೋಗಿದೆ, ಇನ್ನೇನೂ ಮಾಡಲಾಗದು ಅಂದುಬಿಟ್ಟರು. ಬಸ್ಸಿನಲ್ಲಿ ಬರುವಾಗ ಅಮ್ಮ ‘ನಾನು ಫೇಲಾ?’ ಅಂತ ಕೇಳಿದಳು. ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ.

ವಾಚನಾಲಯದ ತಪಾಸಣೆಯ ವಿಷಯ ಹೇಳಿದ್ದು ಆಶಾ ಕಾರ್ಯಕರ್ತೆ. ಅದಕ್ಕೂ ಮೊದಲು ಪಾಲಿಯೇಟಿವ್ ಸಿಸ್ಟರ್, ಅಂದರೆ ದೀರ್ಘ ಕಾಯಿಲೆಯವರನ್ನು ಮನೆಗೆ ಬಂದು ನೋಡುವ ನರ್ಸ್, ಮನೆಗೇ ಬಂದರು. ಕನ್ನಡ, ತುಳು ಎರಡೂ ಬರುತ್ತದೆ ಅವರಿಗೆ. ಅಡುಗೆ, ಸ್ನಾನ, ದುಡ್ಡಿನ ಲೆಕ್ಕ, ದಾರಿ ಇದರಲ್ಲೆಲ್ಲ ಮೊದಲಿಗೂ ಈಗಿಗೂ ಏನು ವ್ಯತ್ಯಾಸ ಅಂತ ನನ್ನನ್ನೂ ತಮ್ಮನನ್ನೂ ಕೇಳಿ ಬರೆದುಕೊಂಡರು. ಜಾಸ್ತಿ ಶಾಲೆ ಕಲಿಯದವರನ್ನು ಬರೇ ಅಂಕ ನೋಡಿ ಅಳೆಯಬಾರದು, ಮನೆಯವರ ಮಾತೂ ಬೇಕು ಅಂದರು.

ತಪಾಸಣೆಯ ದಿನ ಮೊದಲು ಕೇಳಿದ್ದೇ ‘ಅಮ್ಮಾ, ಕನ್ನಡಕ ಎಲ್ಲಿ?’ ಅಂತ. ಕಿವಿ ಸರಿ ಕೇಳುತ್ತದಾ ಅಂತಲೂ ನೋಡಿದರು. ಆಮೇಲೆ ಇದು ಯಾವ ತಿಂಗಳು ಅಂದರು. ಅಮ್ಮ ‘ಆಟಿ’ ಅಂದಳು. ಆಗಸ್ಟ್ ಮೊದಲ ವಾರ ಅದು, ತುಳುವರ ಲೆಕ್ಕದಲ್ಲಿ ಆಟಿ ತಿಂಗಳೇ. ಸಿಸ್ಟರ್ ನಕ್ಕು, ಸರಿ ಅಂತ ಗುರುತು ಹಾಕಿದರು. ಕಳೆಯುವ ಲೆಕ್ಕದ ಬದಲು ವಾರಗಳನ್ನು ಹಿಂದಿನಿಂದ ಹೇಳಿಸಿದರು. ಮಾವಿನಹಣ್ಣು, ಕುರ್ಚಿ, ನಾಣ್ಯ ಅಂತ ಮೂರು ಶಬ್ದ ಹೇಳಿಕೊಟ್ಟು ಐದು ನಿಮಿಷ ಬಿಟ್ಟು ಕೇಳಿದರು. ಅಮ್ಮನಿಗೆ ನೆನಪಾದದ್ದು ಮಾವಿನಹಣ್ಣು ಒಂದೇ. ಒಟ್ಟು 18 ಅಂಕ. ಅದೇ ಅಮ್ಮ, ಅದೇ ತಲೆ. ಭಾಷೆ ಬದಲಾದರೆ ಇಷ್ಟು ವ್ಯತ್ಯಾಸ ಅಲ್ವಾ?

ಡಾಕ್ಟರು ಅವಸರ ಮಾಡಲಿಲ್ಲ. ಮರೆವಿಗೆಲ್ಲ ಒಂದೇ ಕಾರಣ ಅಲ್ಲ ಅಂದರು. ವಿಟಮಿನ್ ಬಿ12 ಕಡಿಮೆಯಾದರೂ, ಥೈರಾಯ್ಡ್ ಏರುಪೇರಾದರೂ, ಮನಸ್ಸು ಕುಗ್ಗಿದರೂ ಹೀಗಾಗಬಹುದಂತೆ. ಅವನ್ನು ಸರಿಮಾಡಬಹುದು. ನಾವು ತಂದಿದ್ದ ಮಾತ್ರೆಯ ಚೀಲವನ್ನು ಮೇಜಿನ ಮೇಲೆ ಸುರಿಸಿ, ನೆಗಡಿಗೆಂದು ಅಮ್ಮ ದಿನಾ ರಾತ್ರಿ ನುಂಗುತ್ತಿದ್ದ ಹಳೇ ಮಾತ್ರೆಯನ್ನು ನಿಲ್ಲಿಸಿದರು. ಅದೂ ತಲೆಗೆ ಮಂಕು ಹಿಡಿಸುತ್ತದಂತೆ. ರಕ್ತದಲ್ಲಿ ಬಿ12 ಕಡಿಮೆ ಬಂತು, ಇಂಜೆಕ್ಷನ್ ಶುರುವಾಯಿತು. ಸುಸ್ತು ಇಳಿಯಿತು, ಮಾತು ಚುರುಕಾಯಿತು. ಮರೆವು ಮಾತ್ರ ಪೂರ್ತಿ ಹೋಗಲಿಲ್ಲ. ತಲೆಯ ಸ್ಕ್ಯಾನ್ ಕೂಡ ನೋಡಿದ ಮೇಲೆ ಆಲ್ಝೈಮರ್ಸ್, ಅಂದರೆ ನೆನಪು ನಿಧಾನವಾಗಿ ಕುಂದುತ್ತಾ ಹೋಗುವ ಮೆದುಳಿನ ಕಾಯಿಲೆ, ಆರಂಭದ ಹಂತ ಅಂದರು. ಡೊನೆಪೆಜಿಲ್ ಮಾತ್ರೆ ಕೊಟ್ಟಿದ್ದಾರೆ. ಇದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಸ್ವಲ್ಪ ಕಾಲ ನೆನಪಿಗೆ ಆಧಾರ ಕೊಡಬಹುದು ಅಂತ ಬಿಡಿಸಿ ಹೇಳಿದರು.

ವಾಸಿಯಾಗದಿದ್ದರೆ ಬೇಗ ಗೊತ್ತಾಗಿ ಏನು ಲಾಭ ಅಂತ ತಮ್ಮ ಕೇಳಿದ. ಲಾಭ ಇದೆ. ಅಮ್ಮ ಈಗ ತನ್ನ ಬಾಯಿಯಿಂದಲೇ ಹೇಳುತ್ತಾಳೆ: ಬಳೆ ಯಾರಿಗೆ, ಬ್ಯಾಂಕಿನ ದುಡ್ಡು ಏನು ಮಾಡಬೇಕು, ಕೊನೆವರೆಗೂ ಈ ಮನೆಯಲ್ಲೇ ಇರಬೇಕು. ಇನ್ನೆರಡು ವರ್ಷ ಕಳೆದಿದ್ದರೆ ಇದನ್ನು ಯಾರನ್ನು ಕೇಳುವುದು? ಗಿಡಕ್ಕೆ ನೀರು ಬಿಡಲು, ತರಕಾರಿ ಹೆಚ್ಚಲು ಅವಳನ್ನು ಬಿಡುತ್ತೇವೆ. ಗ್ಯಾಸ್ ಮಾತ್ರ ನಾವು ನೋಡಿಕೊಳ್ಳುತ್ತೇವೆ. ಸಿಸ್ಟರ್ ಹೇಳಿದಂತೆ ಹೆಸರು, ಫೋನ್ ನಂಬರಿನ ಚೀಟಿಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಅವಳ ಚೀಲದಲ್ಲಿ ಇಟ್ಟಿದ್ದೇವೆ.

ದೇಶದಲ್ಲಿ 60 ದಾಟಿದ ನೂರು ಜನರಲ್ಲಿ ಸುಮಾರು ಏಳು ಮಂದಿಗೆ ಡಿಮೆನ್ಷಿಯಾ (ಆಲ್ಝೈಮರ್ಸ್‌ನಂಥ ಮರೆವಿನ ಕಾಯಿಲೆ) ಇದೆ, ಪೇಟೆಗಿಂತ ಹಳ್ಳಿಯಲ್ಲೇ ಜಾಸ್ತಿ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. ಪರೀಕ್ಷೆಯ ಅನುಕೂಲ ಮಾತ್ರ ಹೆಚ್ಚಾಗಿ ಇರುವುದು ಪೇಟೆಯಲ್ಲಿ.

ಕೊರತೆಗಳೂ ಇವೆ. ತಿಂಗಳಿಗೆ ಒಂದೇ ದಿನ. ಒಮ್ಮೆ ಮಳೆಗೆ ರದ್ದಾಗಿ ನಮಗೆ ಇಡೀ ತಿಂಗಳು ಹೋಯಿತು. ಬರೇ ಪರದೆ ಕಟ್ಟಿದ ಮೂಲೆಯಲ್ಲಿ ಪರೀಕ್ಷೆ, ಹೊರಗಿನ ಗಲಾಟೆಗೆ ಅಮ್ಮನ ಗಮನ ತಪ್ಪುತ್ತಿತ್ತು. ಸ್ಕ್ಯಾನ್‌ಗೆ ಮಂಗಳೂರಿಗೇ ಹೋಗಬೇಕು, ಒಂದು ದಿನದ ಕೆಲಸ. ಮನೆಗೆ ಕೊಡುವ ಸಲಹೆಯ ಕಾಗದ ಮಲಯಾಳದಲ್ಲಿ ಮಾತ್ರ ಇದೆ. ಬಾಯಿಯಲ್ಲಿ ಕನ್ನಡ ಇರುವಾಗ ಕಾಗದದಲ್ಲೂ ಇರಲಿ ಅಂತ ಬರೆದು ಕೊಟ್ಟು ಬಂದಿದ್ದೇನೆ.

ಐದರಲ್ಲಿ ನಾಲ್ಕು ನಕ್ಷತ್ರ. ಹೋಗುವವರು ಕನ್ನಡಕ, ನುಂಗುವ ಎಲ್ಲ ಮಾತ್ರೆ, ಜೊತೆಗೆ ಅವರನ್ನು ದಿನಾ ನೋಡುವ ಒಬ್ಬರನ್ನು ಕರೆದುಕೊಂಡು ಹೋಗಿ. ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆಯ ಮೇಲೆ ಗಲಾಟೆ ಜಾಸ್ತಿ.